ಕಾಫಿ ಕಣದಿಂದಲೇ ಶುರು ಮಾಡಿ: ಕೊಡಗಿನ ಮಕ್ಕಳಿಗೆ ಫುಟ್‌ಬಾಲ್

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ, ತೋಟದೊಳಗೆ. ಮಗಳಿಗೆ ಏಳು ವರ್ಷ ಇದ್ದಾಗ ಬೇಸಿಗೆಯಲ್ಲಿ ಸುಂಟಿಕೊಪ್ಪದ ಗೋಲ್ಡ್ ಕಪ್ ಫುಟ್‌ಬಾಲ್ ಟೂರ್ನಿ ನೋಡೋಕೆ ಅವಳನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿಂದ ಬಂದವಳು ಕಿತ್ತಳೆ, ಸುತ್ತಿಟ್ಟ ಕಾಲುಚೀಲ, ಅಂಗಳಕ್ಕೆ ಬಿದ್ದ ಚಕೋತ, ಏನು ಸಿಕ್ಕಿದರೂ ಒದೆಯೋಕೆ ಶುರು ಮಾಡಿದಳು. ನಮಗೂ ಖುಷಿ ಆಯ್ತು. ಖುಷಿಯಲ್ಲಿ ಎಲ್ಲವನ್ನೂ ತಲೆಕೆಳಗಾಗಿ ಮಾಡಿದೆವು. ಮೊದಲು ಜೆರ್ಸಿ ತಂದೆವು, ಆಮೇಲೆ ಬೂಟು, ಆಮೇಲೆ ವಾರಕ್ಕೆ ಎರಡು ದಿನದ ಒಂದು ಕೋಚಿಂಗ್‌ಗೆ ಸೇರಿಸಿದೆವು. ಮನೆಯಲ್ಲಿ ಚೆಂಡೇ ಇರಲಿಲ್ಲ.

ಆ ಕೋಚಿಂಗ್‌ನಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳು, ಮೂರು ಚೆಂಡು. ಸಾಲಾಗಿ ನಿಲ್ಲಬೇಕು, ತನ್ನ ಸರದಿ ಬಂದಾಗ ಒಂದು ಸಲ ಒದೆಯಬೇಕು, ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಒಂದು ದಿನ ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಒಂದು ಗಂಟೆಯಲ್ಲಿ ಚೆಂಡು ಅವಳ ಕಾಲಿಗೆ ಸಿಕ್ಕಿದ್ದು ಒಂಬತ್ತು ಸಲ. ಎರಡು ತಿಂಗಳಾಗುವಷ್ಟರಲ್ಲಿ "ನಾನು ಹೋಗಲ್ಲ ಅಮ್ಮಾ" ಅಂದಳು. ನನಗೆ ಬೇಜಾರಾಯ್ತು, ಆದರೆ ತಪ್ಪು ಅವಳದಲ್ಲ ಅಂತ ಗೊತ್ತಿತ್ತು.

ಆಮೇಲೆ ಒಂದು ಚೆಂಡು ತಂದು ಕಾಫಿ ಕಣದಲ್ಲಿ, ಅಂದರೆ ಕಾಫಿ ಒಣಗಿಸುವ ಅಂಗಳದಲ್ಲಿ, ಬಿಟ್ಟೆವು. ಎರಡು ವರ್ಷದಲ್ಲಿ ಅದು ಹನ್ನೆರಡು ಹದಿಮೂರು ಮಕ್ಕಳ ಸಂಜೆ ಆಟ ಆಗಿದೆ. ಅದರಲ್ಲಿ ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಹೀಗೆ: ಮೊದಲು ಚೆಂಡು, ಆಮೇಲೆ ಜಾಗ, ಆಮೇಲೆ ಜೊತೆಗಾರರು. ಬೂಟು ಮತ್ತು ಕೋಚ್ ಕೊನೆಗೆ ಬಂದರೆ ಸಾಕು.

ಚೆಂಡು ಯಾವುದು ತರಬೇಕು

ಅಂಗಡಿಗೆ ಹೋಗಿ ಫುಟ್‌ಬಾಲ್ ಕೊಡಿ ಅಂದರೆ ಹೆಚ್ಚಿನ ಕಡೆ 5ನೇ ಸೈಜ್ ಕೊಡುತ್ತಾರೆ. ಅದು ದೊಡ್ಡವರ ಚೆಂಡು. ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಏಳು ವರ್ಷದ ಮಗು ಅದನ್ನು ಪಾದದ ಒಳಬದಿಯಿಂದ ತಳ್ಳಿದರೆ ಪಾದ ನೋಯುತ್ತದೆ, ಚೆಂಡೂ ಮುಂದೆ ಹೋಗುವುದಿಲ್ಲ. ಆಗ ಮಗು ಏನು ಮಾಡುತ್ತದೆ ಅಂದರೆ, ಕಾಲಿನ ತುದಿಯಿಂದ ಗುದ್ದೋಕೆ ಶುರು ಮಾಡುತ್ತದೆ. ಒಂದು ಸಲ ಆ ಅಭ್ಯಾಸ ಬಂದರೆ ಬಿಡಿಸೋದು ಬಹಳ ಕಷ್ಟ.

ಎಂಟು ವರ್ಷದೊಳಗಿನವರಿಗೆ 3ನೇ ಸೈಜ್ ತನ್ನಿ. ಎಂಟರಿಂದ ಹನ್ನೆರಡರವರೆಗೆ 4ನೇ ಸೈಜ್, ಅದು 350ರಿಂದ 390 ಗ್ರಾಂ ಇರುತ್ತದೆ. ಹನ್ನೆರಡು ದಾಟಿದ ಮೇಲೆ 5. ಸೈಜ್ ನಂಬರ್ ಚೆಂಡಿನ ಮೇಲೆಯೇ ಅಚ್ಚಾಗಿರುತ್ತದೆ, ನೋಡಿ ತಗೊಳ್ಳಿ. ನಮ್ಮ ದೇಶದ ಚೆಂಡುಗಳು ಹೆಚ್ಚಾಗಿ ಜಲಂಧರ್ ಮತ್ತು ಮೀರತ್‌ನಲ್ಲಿ ತಯಾರಾಗುತ್ತವೆ. ಅಲ್ಲಿಂದ ಬರುವ ಸಾಧಾರಣ ರಬ್ಬರ್ ಚೆಂಡು ನಮ್ಮ ಮಳೆಗೆ ಒಳ್ಳೆಯದು. ಹೊಲಿದ ಚೆಂಡು ನೋಡೋಕೆ ಚೆನ್ನ, ಆದರೆ ಹೊಲಿಗೆಯಲ್ಲಿ ನೀರು ಕುಡಿದು ಭಾರ ಆಗುತ್ತದೆ. ಜೊತೆಗೆ ಕೈ ಪಂಪ್ ಒಂದು, ಸೂಜಿ ಎರಡು ತನ್ನಿ. ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಬೇಕು, ಒಣ ಸೂಜಿ ಚುಚ್ಚಿದರೆ ವಾಲ್ವ್ ಹಾಳು. ಗಾಳಿ ಕಲ್ಲಿನ ಹಾಗೆ ತುಂಬಬೇಡಿ. ಎರಡು ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು.

ಜಾಗ

ಕೊಡಗಿನಲ್ಲಿ ಸಮತಟ್ಟಾದ ಜಾಗ ಹುಡುಕೋದೇ ದೊಡ್ಡ ಕೆಲಸ. ಮಡಿಕೇರಿಯವರಿಗೆ ಮ್ಯಾನ್ಸ್ ಕಾಂಪೌಂಡ್ ಮೈದಾನ ಇದೆ, ಪೇಟೆಯವರಿಗೆ ಶಾಲೆಯ ಮೈದಾನ ಸಿಗುತ್ತದೆ. ತೋಟದೊಳಗೆ ಇರುವವರು ಏನು ಮಾಡಬೇಕು? ನಾವು ವರ್ಷವನ್ನೇ ಭಾಗ ಮಾಡಿಕೊಂಡಿದ್ದೇವೆ.

ಮಳೆ ಕಡಿಮೆಯಾಗಿ ಕಾಫಿ ಹಣ್ಣಾಗುವ ತನಕ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಕಣ ಖಾಲಿ ಇರುತ್ತದೆ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಒಂದು ಮಾತು ಕೇಳಿ. ನಮ್ಮ ರೈಟರ್ ಒಂದೇ ಷರತ್ತು ಹಾಕಿದರು, ಆಟ ಮುಗಿದ ಮೇಲೆ ಕಣ ಗುಡಿಸಬೇಕು. ಮಕ್ಕಳು ಇವತ್ತಿಗೂ ಗುಡಿಸುತ್ತಾರೆ. ಸಿಮೆಂಟ್ ಕಣದಲ್ಲಿ ಚೆಂಡು ನೇರವಾಗಿ ಉರುಳುತ್ತದೆ, ಹಾಗಾಗಿ ಚೆಂಡಿನ ಮೇಲೆ ಹಿಡಿತ ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅಲ್ಲಿ ಜೋರಾಗಿ ಓಡಿಸಿ ಆಡಿಸಬೇಡಿ, ಬಿದ್ದರೆ ಮಂಡಿ ಚರ್ಮ ಕಿತ್ತು ಬರುತ್ತದೆ. ಕಣದ ಕೆಳಬದಿಗೆ ಹಳೇ ಶೇಡ್ ನೆಟ್ ಕಟ್ಟಿ, ನರ್ಸರಿಗೆ ಹಾಕಿದ್ದು ಹರಿದು ಬಿದ್ದಿರುತ್ತದಲ್ಲ, ಅದೇ ಸಾಕು. ಮೊದಲ ವಾರ ನಾವು ಕಟ್ಟಿರಲಿಲ್ಲ. ಚೆಂಡು ಪ್ರತಿ ಐದು ನಿಮಿಷಕ್ಕೆ ಕಾಫಿ ಗಿಡಗಳ ನಡುವೆ ಉರುಳಿ ಕೆಳಗಿನ ಚರಂಡಿಯಲ್ಲಿ ನಿಲ್ಲುತ್ತಿತ್ತು. ತರಲು ಹೋದವರು ಕಾಲಲ್ಲಿ ನಾಲ್ಕು ಜಿಗಣೆ ಕಚ್ಚಿಸಿಕೊಂಡು ಬರುತ್ತಿದ್ದರು.

ಡಿಸೆಂಬರ್ ಬಂತು ಅಂದರೆ ಕಣಕ್ಕೆ ಕಾಫಿ ಬರುತ್ತದೆ. ಆಗ ಮಕ್ಕಳು ಕಣದ ಹತ್ತಿರವೂ ಹೋಗಬಾರದು. ಆದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು ಗದ್ದೆ ಕೊಯ್ಲು ಆಗುವುದೂ ಅದೇ ಹೊತ್ತಿಗೆ ಅಲ್ವಾ? ಜನವರಿಯಿಂದ ಮಳೆ ಹಿಡಿಯುವ ತನಕ ಒಣಗಿದ ಗದ್ದೆಯೇ ನಮ್ಮ ಸ್ಟೇಡಿಯಂ. ಗದ್ದೆಯವರನ್ನು ಕೇಳಿ, ಒಂದು ಭಾನುವಾರ ದೊಡ್ಡವರೆಲ್ಲ ಸೇರಿ ಕೂಳೆಯನ್ನು ನೆಲಕ್ಕೆ ಸಮವಾಗಿ ಕತ್ತರಿಸಿ, ಏಡಿ ಬಿಲಗಳಿಗೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿ. ಬಿಲದಲ್ಲಿ ಸಿಕ್ಕಿ ಕಾಲಿನ ಮಣಿಗಂಟು ಉಳುಕಿದರೆ ಒಂದು ತಿಂಗಳು ಆಟ ಇಲ್ಲ. ಹೊಸ ಗದ್ದೆಗೆ ಹೋದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈ ಬದುವಿನಿಂದ ಆ ಬದುವಿನವರೆಗೆ ಮೆಲ್ಲಗೆ ನಡೆಸಿ, ಬಿಲ, ಕಲ್ಲು, ಗಾಜು ಎಲ್ಲ ಅವರೇ ಹುಡುಕುತ್ತಾರೆ.

ಇನ್ನೊಂದು ಮಾತು, ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ನಮಗೆ ಮಾತ್ರ ಗೊತ್ತು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ನಮ್ಮ ಸುಂಟಿಕೊಪ್ಪ ಕಡೆ ಸಂಜೆ ಆನೆ ಬರುತ್ತದೆ. ಕತ್ತಲಾಗುವ ಮುಂಚೆ ಮಕ್ಕಳು ಮನೆಯೊಳಗೆ ಇರಬೇಕು. ನಾವು ನಾಲ್ಕಕ್ಕೆ ಶುರು ಮಾಡಿ ಐದೂಕಾಲಿಗೆ ಮುಗಿಸುತ್ತೇವೆ. ಪಕ್ಕದ ತೋಟದಲ್ಲಿ ಆನೆ ಇದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬಂದರೆ ಅವತ್ತು ಆಟ ರದ್ದು, ಯಾರು ಎಷ್ಟು ಅತ್ತರೂ ರದ್ದು.

ಮೊದಲ ಒಂದು ತಿಂಗಳು ಏನು ಮಾಡಿಸಬೇಕು

ನಿಮಗೆ ಫುಟ್‌ಬಾಲ್ ಬರದಿದ್ದರೂ ಪರವಾಗಿಲ್ಲ. ನನಗೂ ಬರುತ್ತಿರಲಿಲ್ಲ. ಚೆಂಡು ಮಗುವಿನ ಕಾಲಿಗೆ ಎಷ್ಟು ಸಲ ತಾಗುತ್ತದೆ ಅನ್ನೋದಷ್ಟನ್ನೇ ನೋಡಿ, ಉಳಿದದ್ದು ನಿಧಾನಕ್ಕೆ ಬರುತ್ತದೆ. ದಿನಾ ಹದಿನೈದು ನಿಮಿಷ ಸಾಕು.

ಮೊದಲ ವಾರ ನಿಂತಲ್ಲೇ. ಚೆಂಡಿನ ಮೇಲೆ ಒಂದು ಅಂಗಾಲು ಮೆಲ್ಲಗೆ ಇಟ್ಟು ತೆಗೆಯೋದು, ಆಮೇಲೆ ಇನ್ನೊಂದು. ಎಡ, ಬಲ, ಎಡ, ಬಲ. ಆಮೇಲೆ ಎರಡು ಪಾದಗಳ ಒಳಬದಿಯ ನಡುವೆ ಚೆಂಡನ್ನು ಆಚೆ ಈಚೆ ತಳ್ಳೋದು. ಎರಡನೇ ವಾರ ಅದನ್ನೇ ನಡೆಯುತ್ತಾ ಮಾಡಿಸಿ. ಅಂಗಳದಲ್ಲಿ ಆರೇಳು ಚಪ್ಪಲಿಗಳನ್ನು ಎರಡೆರಡು ಹೆಜ್ಜೆಗೆ ಒಂದರಂತೆ ಇಟ್ಟು, ಅವುಗಳ ನಡುವೆ ಹಾವಿನ ಹಾಗೆ ಚೆಂಡು ತಗೊಂಡು ಹೋಗಲಿ. ಚೆಂಡು ಕಾಲಿನಿಂದ ಒಂದು ಮೊಳಕ್ಕಿಂತ ದೂರ ಹೋಗಬಾರದು. ಬೇಗ ಮುಗಿಸಬೇಕು ಅಂತ ಹೇಳಬೇಡಿ.

ಸ್ಟ್ಯಾಚು ಆಟ ಎಲ್ಲ ಮಕ್ಕಳಿಗೂ ಗೊತ್ತಲ್ಲ, ಅದನ್ನೇ ಚೆಂಡಿನ ಜೊತೆ ಆಡಿಸಿ. ಎಲ್ಲರೂ ಚೆಂಡು ಉರುಳಿಸುತ್ತಾ ಓಡಾಡಲಿ, ನೀವು "ಸ್ಟ್ಯಾಚು" ಅಂದ ತಕ್ಷಣ ಅಂಗಾಲು ಚೆಂಡಿನ ಮೇಲೆ ಇಟ್ಟು ನಿಲ್ಲಬೇಕು. ಚೆಂಡು ಉರುಳಿ ಹೋದವರು ಒಂದು ಸುತ್ತು ಓಡಿ ಮತ್ತೆ ಸೇರಿಕೊಳ್ಳಲಿ, ಆಟದಿಂದ ಔಟ್ ಮಾಡಬೇಡಿ. ಔಟ್ ಆಗುವುದು ಯಾವಾಗಲೂ ಹೆಚ್ಚು ಅಭ್ಯಾಸ ಬೇಕಾದ ಮಗುವೇ.

ಮೂರನೇ ವಾರದಿಂದ ಗೋಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪಾಸ್, ಅಂದರೆ ಜೊತೆಯವರಿಗೆ ಚೆಂಡು ಕೊಡೋದು, ಕಲಿತ ಮಗು ಯಾವ ತಂಡದಲ್ಲಾದರೂ ಆಡಬಹುದು. ಗೋಡೆಯ ಮೇಲೆ ಇದ್ದಿಲಿನಿಂದ ಮಂಡಿ ಎತ್ತರಕ್ಕೆ ಒಂದು ವೃತ್ತ ಬರೆಯಿರಿ. ಮಗು ಮೂರು ನಾಲ್ಕು ಹೆಜ್ಜೆ ದೂರ ನಿಲ್ಲಲಿ. ಒದೆಯದ ಕಾಲು ಚೆಂಡಿನ ಪಕ್ಕದಲ್ಲೇ ಊರಬೇಕು, ಹಿಂದೆ ಅಲ್ಲ, ಮುಂದೆ ಅಲ್ಲ. ಆ ಕಾಲಿನ ಬೆರಳು ವೃತ್ತದ ಕಡೆ ತೋರಬೇಕು, ಮಂಡಿ ಸ್ವಲ್ಪ ಬಾಗಿರಬೇಕು. ಒದೆಯುವ ಪಾದವನ್ನು ಹೊರಗೆ ತಿರುಗಿಸಿ ಕಾಲಿನ ಮಣಿಗಂಟನ್ನು ಬಿಗಿ ಮಾಡಿ, ಹಿಮ್ಮಡಿಗೂ ಹೆಬ್ಬೆರಳಿಗೂ ನಡುವಿನ ಅಗಲ ಜಾಗದಿಂದ ಚೆಂಡಿನ ನಡುಭಾಗಕ್ಕೆ ತಳ್ಳಬೇಕು. ವಾಪಸ್ ಬಂದ ಚೆಂಡನ್ನು ಅದೇ ಜಾಗದಿಂದ ತಡೆಯಬೇಕು. ತಡೆಯುವಾಗ ಪಾದ ಸ್ವಲ್ಪ ಹಿಂದಕ್ಕೆ ಬರಲಿ, ಹಸಿ ಮೊಟ್ಟೆ ಹಿಡಿಯುವಾಗ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ. ಬಲಗಾಲಲ್ಲಿ ಇಪ್ಪತ್ತು, ಎಡಗಾಲಲ್ಲಿ ಇಪ್ಪತ್ತು. ಎಡಗಾಲನ್ನು ಮೊದಲ ದಿನದಿಂದಲೇ ಮರೆಯಬೇಡಿ. ನನ್ನ ಮಗಳು ಮೊದಮೊದಲು ಮಣಿಗಂಟು ಸಡಿಲ ಬಿಡುತ್ತಿದ್ದಳು, ಚೆಂಡು ಗೋಡೆ ಬಿಟ್ಟು ನೀರಿನ ಡ್ರಮ್ಮಿಗೆ ಬಡಿಯುತ್ತಿತ್ತು. ನಾನು ಬಗ್ಗಿ ಅವಳ ಪಾದ ಕೈಯಲ್ಲಿ ಹಿಡಿದು ಬೆರಳುಗಳನ್ನು ಮೇಲಕ್ಕೆ ಎತ್ತಿಸಿದೆ. ಬೆರಳು ಮೇಲೆತ್ತಿದರೆ ಮಣಿಗಂಟು ತಾನಾಗೇ ಬಿಗಿಯಾಗುತ್ತದೆ. ಆ ಒಂದು ವಿಷಯ ತಿಳಿಯೋಕೆ ನಮಗೆ ಹತ್ತು ದಿನ ಬೇಕಾಯ್ತು.

ತಲೆಯಿಂದ ಹೊಡೆಯೋದು ಈಗ ಬೇಡವೇ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗ್ ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡ್ ಕೂಡ ಪ್ರಾಥಮಿಕ ಶಾಲೆ ಮಕ್ಕಳ ತರಬೇತಿಯಿಂದ ಅದನ್ನು ತೆಗೆಯಿತು. ಬೆಳೆಯುವ ಮಿದುಳಿಗೆ ಪೆಟ್ಟು ಬೇಡ ಅಂತಲೇ ಹೀಗೆ ಮಾಡಿದ್ದು. ಟಿವಿಯಲ್ಲಿ ನೋಡಿ ಮಕ್ಕಳು ಮಾಡೋಕೆ ಹೋಗುತ್ತಾರೆ, ಕರೆದು ಹೇಳಿ.

ಜೊತೆಗಾರರು

ಕೊಡಗಿನಲ್ಲಿ ಹಾಕಿಗೆ ಮನೆತನವೇ ತಂಡ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ ಬಂದಿದ್ದವು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು. ಫುಟ್‌ಬಾಲ್‌ಗೆ ಆ ಅನುಕೂಲ ಇಲ್ಲ. ತಂಡವನ್ನು ನೀವೇ ಕಟ್ಟಬೇಕು.

ಹಾಗಾಗಿ ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಮಕ್ಕಳನ್ನು ಕರೆಯಿರಿ. ನಮ್ಮ ಆಟದಲ್ಲಿ ಕನ್ನಡ, ಕೊಡವ ತಕ್ಕ್, ಮಲಯಾಳ, ತಮಿಳು, ಅಸ್ಸಾಮಿನಿಂದ ಬಂದವರ ಮಾತು ಎಲ್ಲ ಕೇಳುತ್ತದೆ. ಮೊದಲ ದಿನ ಲೈನ್ ಮಕ್ಕಳು ಕಣದ ಮೂಲೆಯಲ್ಲಿ ನಿಂತು ನೋಡುತ್ತಿದ್ದರು ಅಷ್ಟೇ. ಬಾ ಅಂದರೂ ಬರಲಿಲ್ಲ. ನನ್ನ ಮಗಳೇ ಚೆಂಡನ್ನು ಅವರ ಕಡೆ ಒದ್ದಳು. ಒಬ್ಬ ಹುಡುಗ ಬರಿಗಾಲಲ್ಲಿ ಅದನ್ನು ನಿಲ್ಲಿಸಿ ವಾಪಸ್ ಕೊಟ್ಟ ರೀತಿ ನೋಡಿ ನಾವೆಲ್ಲ ಬಾಯಿ ತೆರೆದು ನಿಂತೆವು. ಅವನ ಅಪ್ಪ ಅಮ್ಮನ ಹತ್ತಿರ ನಾನೇ ಹೋಗಿ ಮಾತಾಡಿದೆ. ನೀವೂ ಹೋಗಿ ಮಾತಾಡಿ, ಮಕ್ಕಳ ಬಾಯಲ್ಲಿ ಹೇಳಿ ಕಳಿಸಬೇಡಿ. ಹೆಣ್ಣು ಮಕ್ಕಳನ್ನು ಕಳಿಸೋಕೆ ಹಿಂದೆ ಮುಂದೆ ನೋಡುವ ಮನೆಯವರಿಗೆ, ಆಟದ ಹೊತ್ತಲ್ಲಿ ಒಬ್ಬ ಹೆಂಗಸು ಅಲ್ಲೇ ಇರುತ್ತಾರೆ ಅಂತ ಗೊತ್ತಾದರೆ ಅರ್ಧ ಚಿಂತೆ ಹೋಗುತ್ತದೆ.

ಆರು ಮಕ್ಕಳಾದರೆ ಮೂರು ಮೂರು, ಎಂಟಾದರೆ ನಾಲ್ಕು ನಾಲ್ಕು. ಹನ್ನೊಂದು ಜನದ ಆಟ ಈಗ ಬೇಡ. ಸುಮಾರು ಇಪ್ಪತ್ತೈದು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ ಸಾಕು. ಎರಡು ಚಪ್ಪಲಿ ಇಟ್ಟರೆ ಗೋಲ್ ಆಯ್ತು, ಎರಡು ಹೆಜ್ಜೆ ಅಗಲ. ಗೋಲ್‌ಕೀಪರ್ ಬೇಡ, ಯಾಕೆಂದರೆ ಎಲ್ಲ ಕಡೆ ದಪ್ಪಗಿರುವ ಮಗುವನ್ನೋ ಚಿಕ್ಕ ಮಗುವನ್ನೋ ಅಲ್ಲಿ ನಿಲ್ಲಿಸುತ್ತಾರೆ, ಅದು ಸುಮ್ನೆ ನಿಂತಿರುತ್ತದೆ. ಆಫ್‌ಸೈಡ್ ಅನ್ನುವ ನಿಯಮ ಕೂಡ ಬೇಡ. ಕೈ ತಾಗಬಾರದು, ತಳ್ಳಬಾರದು, ಹೊರಗೆ ಹೋದರೆ ಗೆರೆ ಮೇಲಿಟ್ಟು ಕಾಲಿನಿಂದಲೇ ಒಳಗೆ ಕೊಡಬೇಕು, ಇಷ್ಟೇ ನಿಯಮ. ಒಂದು ತಂಡ ಮೂರು ಗೋಲ್ ಮುಂದೆ ಹೋದರೆ ಆಟಗಾರರನ್ನು ಅದಲು ಬದಲು ಮಾಡಿ.

ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಸಿ. ಒಂಟಿ ಕಾಲಲ್ಲಿ ನಿಲ್ಲೋದು, ಕುಪ್ಪಳಿಸೋದು, ಓಡಿ ತಟ್ಟನೆ ನಿಲ್ಲೋದು. ಏಳರಿಂದ ಹದಿಮೂರು ವರ್ಷದವರಿಗೆ ಅಂತಲೇ ಫಿಫಾದ 11+ ಕಿಡ್ಸ್ ವ್ಯಾಯಾಮಗಳಿವೆ, ಅದರ ವಿಡಿಯೊ ಸಿಗುತ್ತದೆ, ನೋಡಿ ಮಾಡಿಸಬಹುದು.

ಬೂಟು ಮತ್ತು ಮಳೆ

ಮೊದಲ ಮೂರು ನಾಲ್ಕು ತಿಂಗಳು ಬೂಟು ಬೇಕಿಲ್ಲ. ಕಣದಲ್ಲಿ ಶಾಲೆಯ ಕ್ಯಾನ್ವಾಸ್ ಶೂ ಸಾಕು. ಗದ್ದೆ, ಹುಲ್ಲಿನ ಮೈದಾನ ಅಂತ ಆದಾಗ ಅಡಿಯಲ್ಲಿ ರಬ್ಬರ್ ಗುಬುಟು (ಸ್ಟಡ್) ಇರುವ ಸಾಧಾರಣ ಬೂಟು ತಗೊಳ್ಳಿ. ಲೋಹದ ಸ್ಟಡ್ ಬೇಡ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ತಂದರೆ ಕಾಲು ಒಳಗೇ ಜಾರುತ್ತದೆ, ಗುಳ್ಳೆ ಬರುತ್ತದೆ. ಹೆಬ್ಬೆರಳಿನ ಮುಂದೆ ನಿಮ್ಮ ಕಿರುಬೆರಳಿನಷ್ಟು ಜಾಗ ಇದ್ದರೆ ಸರಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ, ಹಾಗಾಗಿ ನಾವು ನಾಲ್ಕೈದು ಮನೆಯವರು ಬೂಟುಗಳನ್ನು ಕೈ ಬದಲಾಯಿಸುತ್ತೇವೆ. ಬೂಟಿಗಿಂತ ಮೊದಲು ಶಿನ್ ಗಾರ್ಡ್, ಅಂದರೆ ಮಂಡಿಯ ಕೆಳಗೆ ಕಾಲಿನ ಮುಂಭಾಗಕ್ಕೆ ಹಾಕುವ ಕವಚ, ತನ್ನಿ. ಪಂದ್ಯಗಳಲ್ಲಿ ಅದು ಕಡ್ಡಾಯ.

ಮಳೆಗಾಲದಲ್ಲಿ ಬೂಟು ಒಣಗಿಸೋದು ನಮ್ಮೂರಿನ ದೊಡ್ಡ ಸಮಸ್ಯೆ. ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆಯಿಂದ ನಾಲ್ಕಡಿ ದೂರ ಇಡಿ. ಹತ್ತಿರ ಇಟ್ಟರೆ ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ, ನಮ್ಮ ಮನೆಯ ಒಂದು ಜೊತೆ ಹಾಗೇ ಹೋಯ್ತು.

ಜೂನ್‌ನಿಂದ ಸೆಪ್ಟೆಂಬರ್ ತನಕ ಆಟ ಪೂರ್ತಿ ನಿಲ್ಲಿಸುವವರೇ ಜಾಸ್ತಿ. ದಯವಿಟ್ಟು ನಿಲ್ಲಿಸಬೇಡಿ. ಕಲಿತಿದ್ದೆಲ್ಲ ಆ ನಾಲ್ಕು ತಿಂಗಳಲ್ಲಿ ಹೋಗುತ್ತದೆ. ಕಣ ಪಾಚಿ ಕಟ್ಟಿ ಜಾರುತ್ತದೆ, ಅಲ್ಲಿ ಬೇಡ. ಜಗಲಿಯಲ್ಲಿ, ಖಾಲಿ ಗೋಡೌನ್‌ನಲ್ಲಿ ಗೋಡೆ ಪಾಸ್, ಅಂಗಾಲು ಅಭ್ಯಾಸ, ತೊಡೆಯ ಮೇಲೆ ಚೆಂಡು ಪುಟಿಸೋದು ಮಾಡಬಹುದು. ಮಳೆ ಬಿಟ್ಟ ಸಂಜೆ ಹುಲ್ಲಿನ ಮೈದಾನಕ್ಕೆ ಬಿಡಿ. ಕೆಸರಲ್ಲಿ ಆಡಿದರೆ ಏನೂ ಆಗುವುದಿಲ್ಲ, ಬಂದ ಮೇಲೆ ಬಿಸಿ ನೀರಿನ ಸ್ನಾನ ಮಾಡಿಸಿ, ಬೆರಳ ಸಂದಿ ಒರೆಸಿ ಒಣಗಿಸಿ. ಧನುರ್ವಾಯು ಬಾರದ ಹಾಗೆ ಕೊಡುವ ಇಂಜೆಕ್ಷನ್ ಹಾಕಿಸಿದ್ದೀರಾ ಅಂತ ನೋಡಿಕೊಳ್ಳಿ. ಗುಡುಗು ಮಾತ್ರ ಬೇರೆ ವಿಷಯ, ಅದರಲ್ಲೂ ಏಪ್ರಿಲ್ ಮೇ ತಿಂಗಳಿನದು. ಗುಡುಗು ಕೇಳಿದ ತಕ್ಷಣ ಎಲ್ಲರೂ ಮನೆಯೊಳಗೆ ಬರಬೇಕು, ಮರದ ಕೆಳಗೆ ಅಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮೈದಾನಕ್ಕೆ ಇಳಿಯಬಾರದು.

ಶಾಲೆ, ಕೋಚ್, ಪಂದ್ಯ

ಆರೇಳು ತಿಂಗಳು ಹೀಗೆ ಆಡಿದ ಮೇಲೂ ಮಗು ತಾನಾಗೇ ಚೆಂಡು ಕೇಳುತ್ತಿದ್ದರೆ ಆಗ ಕೋಚ್ ಹುಡುಕಿ. ಸೇರಿಸುವ ಮುಂಚೆ ಒಂದು ದಿನ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಚೆಂಡು? ಮಕ್ಕಳು ಸಾಲಲ್ಲಿ ನಿಂತಿರುವುದು ಜಾಸ್ತಿಯೋ ಆಡುವುದು ಜಾಸ್ತಿಯೋ? ಕೋಚ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್‌ಗಳಿಗೆ ಕೊಡುವ ಆರಂಭದ ಹಂತದ ಡಿ ಲೈಸೆನ್ಸ್ ಆದರೂ ಇದೆಯಾ ಅಂತ ಕೇಳಿ, ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ ಒಳ್ಳೆಯವರು. ಪೋಷಕರು ಇಲ್ಲಿ ನಿಲ್ಲಬಾರದು ಅನ್ನುವ ಜಾಗಕ್ಕೆ ಮಗುವನ್ನು ಕಳಿಸಬೇಡಿ.

ಶಾಲೆಯ ಪಿಟಿ ಮೇಷ್ಟ್ರಿಗೆ ಮೊದಲೇ ಹೇಳಿಡಿ. ಇಲಾಖೆಯ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಅಂತ ವಿಭಾಗ ಇರುತ್ತದೆ. ಆಯ್ಕೆ ಮಳೆಗಾಲದಲ್ಲೇ ಬರುತ್ತದೆ, ಜಗಲಿ ಅಭ್ಯಾಸ ಬಿಡಬೇಡಿ ಅಂತ ಹೇಳಿದ್ದು ಇದಕ್ಕೂ ಸೇರಿಸಿಯೇ. ಶಾಲಾ ತಂಡಗಳಿಗೆ ಅಂತಲೇ ಇರುವ ಸುಬ್ರೊತೋ ಕಪ್ 1960ರಿಂದ ನಡೆಯುತ್ತಿದೆ. ಹನ್ನೆರಡು ವರ್ಷದೊಳಗಿನವರಿಗಾಗಿ ಫೆಡರೇಷನ್ 2018ರಲ್ಲಿ ಬೇಬಿ ಲೀಗ್ ಶುರು ಮಾಡಿತು, ಈಗ ಅದನ್ನು ಬ್ಲೂ ಕಬ್ಸ್ ಅನ್ನುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ, ಫೋಟೋ ಒಂದು ಫೈಲಿನಲ್ಲಿ ಇಟ್ಟಿರಿ. ಆಧಾರ್‌ನಲ್ಲೂ ಜನನ ಪತ್ರದಲ್ಲೂ ಹುಟ್ಟಿದ ದಿನ ಒಂದೇ ಇರಬೇಕು. ಲೈನ್ ಮನೆಯ ಮಕ್ಕಳಿಗೆ ಈ ಕಾಗದಗಳೇ ಅಡ್ಡ ಬರುವುದು, ನಿಮ್ಮ ಮಗುವಿನದ್ದು ಮಾಡಿಸುವಾಗ ಅವರದ್ದೂ ವಿಚಾರಿಸಿ. ನಮ್ಮ ಆ ಬರಿಗಾಲಿನ ಹುಡುಗನ ಜನನ ಪತ್ರಕ್ಕೆ ಓಡಾಡಿದ್ದು ಐದು ತಿಂಗಳು. ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದೆವು.

ಪಂದ್ಯದ ದಿನ ಗೆರೆಯ ಹೊರಗಿಂದ "ಹೊಡಿ, ಓಡು, ಪಾಸ್ ಕೊಡು" ಅಂತ ಕೂಗಬೇಡಿ. ಮಗು ಚೆಂಡು ನೋಡಬೇಕಾ, ಜೊತೆಯವರನ್ನು ನೋಡಬೇಕಾ, ನಿಮ್ಮ ಮುಖ ನೋಡಬೇಕಾ? ನಾನು ಮೊದಲ ಪಂದ್ಯದಲ್ಲಿ ಕೂಗಿದೆ. ಮಗಳು ಚೆಂಡು ಬಿಟ್ಟು ನನ್ನ ಕಡೆ ತಿರುಗಿದಳು, ಅಷ್ಟರಲ್ಲಿ ಚೆಂಡು ಹೋಗಿತ್ತು. ಈಗ ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡು ಸುಮ್ಮನೆ ನಿಲ್ಲುತ್ತೇನೆ, ಗೋಲ್ ಯಾರು ಹಾಕಿದರೂ ಚಪ್ಪಾಳೆ ತಟ್ಟುತ್ತೇನೆ. ಮನೆಗೆ ಬರುವಾಗ ಪಂದ್ಯದ ವಿಷಯ ನಾನಾಗಿ ತೆಗೆಯುವುದಿಲ್ಲ. ಹಸಿವಾಗಿದೆಯಾ ಅಂತ ಕೇಳುತ್ತೇನೆ, ಬಾಳೆಹಣ್ಣು ಕೊಡುತ್ತೇನೆ.

ಕಳೆದ ನವೆಂಬರ್ ಕೊನೆಯಲ್ಲಿ ಪಕ್ಕದ ತೋಟದ ಮಕ್ಕಳ ಜೊತೆ ಆಡಿ ನಮ್ಮವರು 6-0 ಸೋತರು. ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಗೇಟ್ ಹತ್ತಿರ ಬಂದಾಗ ಮಗಳು ಕೇಳಿದಳು, "ಅಮ್ಮಾ, ನಾಳೆ ಕಣಕ್ಕೆ ಕಾಫಿ ಹಾಕ್ತಾರಾ?"

"ಹಾಕ್ತಾರೆ" ಅಂದೆ.

"ಹಾಗಾದ್ರೆ ಗದ್ದೆ ಕೊಯ್ಲು ಯಾವಾಗ?"